ಒಂಟಿ ಆಟದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಇದುವರೆಗೆ ಏನಿಲ್ಲವೆಂದರೂ ಐನೂರು ರಾಕ್ಷಸರನ್ನು ಕೊಂದಿದ್ದಾರೆ. ಎಲ್ಲರನ್ನೂ ಒಬ್ಬರೇ ಕೊಂದಿದ್ದಾರೆ! ಹನಗೋಡಿನ ಪಕ್ಕದಲ್ಲಿ ಹೊಗೆಸೊಪ್ಪು ಬೆಳೆಯುವ ಮನುಷ್ಯನಿಗೆ ರಾಕ್ಷಸರ ಮೇಲೆ ಇಷ್ಟು ಸಿಟ್ಟೇಕೆ ಎಂದು ಕೇಳಬೇಡಿ. ತಪ್ಪು ನನ್ನದೇ.

ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ ಅವರು ಸೌದೆ ಉರಿಸಿ ಸೊಪ್ಪು ಹದ ಮಾಡುವ ಬ್ಯಾರನ್ ಒಳಗೆ ಹೊಗೆಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲೇರಿಸುತ್ತಾ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂರು ತಿಂಗಳು ಮಂಚ. ಹೊಲಕ್ಕೆ ಹೋಗಲಾಗದ ರೈತ ಮನೆಯವರನ್ನು ಹೇಗೆ ಅರೆಯುತ್ತಾನೆಂದು ನಿಮಗೇನು ಗೊತ್ತು? ಚಿಕ್ಕಮ್ಮ ಸೋತು ನನ್ನನ್ನು ಕರೆಸಿದರು. ನಾನು ಹಳೇ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ತಂದಿಟ್ಟು, ಕತ್ತಿ ಹಿಡಿದ ವೀರನೊಬ್ಬ ಕಾಡು ಮೇಡು ಅಲೆಯುವ ಆಟವೊಂದನ್ನು ಹಾಕಿಕೊಟ್ಟು, ದಿನಾ ಪಕ್ಕದಲ್ಲಿ ಕೂತು ಕಲಿಸಿದೆ. ಕಾಲು ಕೂಡಿಕೊಂಡಿತು, ಆಟ ಬಿಡಲಿಲ್ಲ.

ಆ ಆಟದಲ್ಲಿ ರಾಜ ಸೆರೆಯಲ್ಲಿದ್ದಾನೆ, ಬಿಡಿಸಬೇಕು. ಆದರೆ ದಾರಿಯಲ್ಲಿ ಒಬ್ಬಳು ಅಜ್ಜಿ ವೀರನಿಗೆ ಒಂದು ಬಟ್ಟಲು ಗಂಜಿ ಕೊಟ್ಟುಬಿಟ್ಟಳು. ಮುಗಿಯಿತು! ಚಿಕ್ಕಪ್ಪ ಹತ್ತು ತಿಂಗಳು ಆ ಅಜ್ಜಿಗೆ ಸೊಪ್ಪು ಕಿತ್ತರು, ಕಳೆದುಹೋದ ಕೋಳಿ ಹುಡುಕಿದರು, ಬೇಲಿ ಹಾಕಿದರು. ರಾಜ ಸೆರೆಯಲ್ಲೇ ಕೊಳೆಯುತ್ತಿದ್ದ.

ಚಿಕ್ಕಮ್ಮ ನನ್ನ ಕಡೆ ತಿರುಗಿ ಹೇಳುತ್ತಿದ್ದರು: "ರಾಜನ್ನ ಬುಡಿಸ್ತಾರಂತೆ. ಮೊದ್ಲು ಕಟ್ಟಾಕಿರೋ ಹಸ ಬುಡಿಸಿ ನೀರು ಕುಡಿಸಕ್ಕೇಳು."

ಆಗ ಚಿಕ್ಕಪ್ಪ ಆಟ ನಿಲ್ಲಿಸುತ್ತಿದ್ದರು. ಪರದೆಯ ಮೇಲೆ ಬೆಂಕಿ ಉಗುಳುವ ರೆಕ್ಕೆ ಹಾವು ಬಾಯಿ ತೆರೆದದ್ದು ತೆರೆದ ಹಾಗೇ. ಇವರು ಹಸುವಿಗೆ ನೀರು ತೋರಿಸಿ, ಹಾಲು ಕರೆದು, ಡೇರಿಗೆ ಹಾಕಿ ಬರುವವರೆಗೆ ಅದು ಪಾಪ ಕಾಯುತ್ತಿತ್ತು. ಬಂದು ಕೂತು ಅದನ್ನೇ ನೋಡುತ್ತಾ ನಿಟ್ಟುಸಿರು ಬಿಡುತ್ತಿದ್ದರು: "ಇದುನ್ನ ನಮ್ಮ ಬ್ಯಾರನ್‌ಗೆ ಕಟ್ಟಾಕಿದ್ರೆ ಎಷ್ಟು ಸೌದೆ ಉಳೀತಿತ್ತು ನೋಡವ್ವ."

ನಾನು ಆಡುತ್ತಿದ್ದದ್ದು ಬೇರೆ. ಇಂಟರ್‌ನೆಟ್ಟಿನಲ್ಲಿ ಊರೂರಿನವರು ಒಟ್ಟಿಗೆ ಸೇರಿ ಆಡುವ ಆಟ. ಚಿಕ್ಕಪ್ಪ ಅದಕ್ಕೆ 'ಸಂತೆ ಆಟ' ಎಂದೂ, ತಮ್ಮದಕ್ಕೆ 'ಒಂಟಿ ಆಟ' ಎಂದೂ ಹೆಸರಿಟ್ಟಿದ್ದರು. ಮದುವೆಯಾಗಿ ಕೆ.ಆರ್. ನಗರಕ್ಕೆ ಹೋದ ಮೇಲೆ, ದಸರಾ ರಜೆಗೆ ಬಂದವಳು ಹಠ ಹಿಡಿದು ಅವರನ್ನೂ ಸಂತೆಗೆ ಎಳೆದೆ. 'ಹನಗೋಡು ಹುಲಿ' ಎಂದು ಹೆಸರು ಕೊಟ್ಟೆ. ಹುಲಿ ಕಾಡಿನ ಬಾಗಿಲಲ್ಲಿ ರಾಕ್ಷಸನಿಗೆ ಸಿಕ್ಕಿ ಇನ್ನೇನು ಸಾಯಬೇಕು, ಎಲ್ಲಿಂದಲೋ ಮೂವರು ಅಪರಿಚಿತರು ಓಡಿಬಂದು, ರಾಕ್ಷಸನನ್ನು ಮುಗಿಸಿ, ಹೊರಟೇ ಹೋದರು.

"ಯಾರವ್ವ ಇವ್ರು? ಯಾರು ಕರೆದಿದ್ದು?"

"ಯಾರೂ ಕರೆದಿಲ್ಲ ಚಿಕ್ಕಪ್ಪ. ಇದ್ರಲ್ಲಿ ಹಂಗೇ."

"ಕರೀದೆ ಬಂದು ಕೆಲ್ಸ ಮಾಡ್ಕೊಟ್ಟು ಓದ್ರಾ? ಊಟಾನೂ ಮಾಡ್ದೆ?"

ನಮ್ಮ ಕಡೆ ಮುಯ್ಯಾಳು ಎಂದರೆ ಸುಮ್ಮನೆ ಅಲ್ಲ. ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ ಬರಬೇಕು. ಆಳಿಗೆ ಆಳು, ದಿನಕ್ಕೆ ದಿನ. ಚಿಕ್ಕಪ್ಪ ಜ್ವರ ಬಂದರೂ ಮುಯ್ಯಿ ತಪ್ಪಿಸಿದವರಲ್ಲ. ಈಗ ಒಂದೇ ಏಟಿಗೆ ಮೂರು ಮುಯ್ಯಿ ತಲೆಗೆ ಬಿತ್ತು! ನನ್ನ ಕೈಯಲ್ಲಿ ಆ ಮೂವರಿಗೂ 'ನಿಮ್ಮ ಕೆಲಸ ಯಾವತ್ತು' ಎಂದು ಬರೆಸಿದರು. ಇಬ್ಬರು ಪತ್ತೆಯಿಲ್ಲ. ಯಾವ ದೇಶದವನೋ ಮೂರನೆಯವನು ನಗುವ ಮುಖವೊಂದನ್ನು ಕಳಿಸಿದ. ಚಿಕ್ಕಪ್ಪ ಅದನ್ನು ಒಪ್ಪಿಗೆ ಎಂದುಕೊಂಡು ಕಾಡಿನ ಬಾಗಿಲಲ್ಲಿ ಎರಡು ದಿನ ಕಾದರು. ಅವನು ಬರಲಿಲ್ಲ.

"ಊರು ಗೊತ್ತಿಲ್ದೋರ ಮುಯ್ಯಿ ಒತ್ಕೊಂಡು ಬದುಕೋಕಾಯ್ತದಾ? ಬುಡು, ನಮ್ಗೆ ಒಂಟಿ ಆಟಾನೇ ಸರಿ," ಎಂದು ಎದ್ದರು. ಮತ್ತೆ ಸಂತೆ ಕಡೆ ತಲೆ ಹಾಕಲಿಲ್ಲ. ಈ ಕಥೆಯನ್ನು ನಾನು ನೆಂಟರ ಮನೆಗಳಲ್ಲೆಲ್ಲ ಹೇಳಿ ನಗಿಸಿದ್ದೇನೆ.

ಹೋದ ವರ್ಷ ನಾನು ಬಸುರಿಯಾದೆ. ಅದಕ್ಕೆ ಮೊದಲು ಒಂದು ಕೂಸನ್ನು ಹೊಟ್ಟೆಯಲ್ಲೇ ಕಳೆದುಕೊಂಡಿದ್ದೆ. ಈ ಸಲ ನಾಲ್ಕನೇ ತಿಂಗಳಿಗೇ ಡಾಕ್ಟರು ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದರು. ಗಂಡ ಕೆಲಸಕ್ಕೆ ಹೋದ ಮೇಲೆ ಸೂರು ನೋಡುತ್ತಾ ಮಲಗುವುದೇ ಕೆಲಸ. ಹೊಟ್ಟೆ ಸ್ವಲ್ಪ ಹಿಂಡಿದರೂ ಜೀವ ಬಾಯಿಗೆ ಬರುತ್ತಿತ್ತು. ಮೊಬೈಲಿನಲ್ಲಿ ಆಟ ತೆರೆದರೂ ಕಾದಾಡಲು ಮನಸ್ಸಿಲ್ಲ. ನನ್ನ ಗೊಂಬೆಯನ್ನು ಆಟದೊಳಗಿನ ಒಂದು ಹೊಳೆ ದಡದಲ್ಲಿ ನಿಲ್ಲಿಸಿ ಸುಮ್ಮನೆ ನೀರು ನೋಡುತ್ತಿದ್ದೆ. ಚಿಕ್ಕಮ್ಮ ಫೋನು ಮಾಡಿದಾಗ ಇದನ್ನೇ ಹೇಳಿದ್ದೆ.

ಒಂದು ದಿನ ಸಾಯಂಕಾಲ ಬರೀ ಕೋಲು ಹಿಡಿದ ಗೊಂಬೆಯೊಂದು ತಡವರಿಸುತ್ತಾ ಬಂದು ನನ್ನ ಪಕ್ಕ ನಿಂತಿತು. ತಲೆಯ ಮೇಲೆ ಹೆಸರು, ಹನಗೋಡು ಹುಲಿ! ಅಷ್ಟರಲ್ಲಿ ಫೋನು ಬಂತು.

"ದಾರೀಲಿ ಅನ್ನೊಂದು ಸಲ ಸತ್ತೆ ಕಣವ್ವ. ಎಂಗಿದ್ದೀಯಾ?"

"ಚಿಕ್ಕಪ್ಪ, ನೀವು ಸಂತೆಗೆ ಬಂದ್ರಾ? ಊರು ಗೊತ್ತಿಲ್ದೋರ ಜೊತೆ ಆಡಲ್ಲ ಅಂದಿದ್ರಲ್ಲ?"

"ನಿನ್ನೂರು ಗೊತ್ತಲ್ಲವ್ವ ನಂಗೆ."

ಅವತ್ತಿನಿಂದ ದಿನಾ ಡೇರಿಗೆ ಹಾಲು ಹಾಕಿ ಬಂದವರೇ ಹೊಳೆ ದಡಕ್ಕೆ ಹಾಜರು. ನಾವು ಒಂದು ನೊಣವನ್ನೂ ಕೊಲ್ಲಲಿಲ್ಲ. ನಿಂತು ಮಾತಾಡುತ್ತಿದ್ದೆವು, ಹಸು ಗಬ್ಬವಾದದ್ದು, ಈ ಸಲದ ಸೊಪ್ಪಿನ ಬಣ್ಣ, ಚಿಕ್ಕಮ್ಮನ ಬೈಗುಳ. ಆ ಒಂದು ಗಂಟೆ ನನಗೆ ಭಯ ಮರೆತಿರುತ್ತಿತ್ತು. ಹೀಗೆ ಐದು ತಿಂಗಳು. ಹೆಣ್ಣು ಮಗು ಹುಟ್ಟಿತು, ಗುಂಡುಕಲ್ಲಿನ ಹಾಗೆ.

ಮಗು ನೋಡಲು ಬಂದವರನ್ನು ಬಿಡುತ್ತೇನೆಯೇ? "ಚಿಕ್ಕಪ್ಪ, ಐದು ತಿಂಗಳ ಮುಯ್ಯಿ ನನ್ನ ತಲೆ ಮೇಲಿದೆ. ಹೇಗೆ ತೀರಿಸ್ಲಿ?" ಎಂದೆ.

"ನಾನು ಕಾಲು ಮುರ್ಕೊಂಡು ಬಿದ್ದಿದ್ದಾಗ ನೀನು ಪಕ್ದಲ್ಲಿ ಕೂತಿರ್ಲಿಲ್ವಾ? ಅದುಕ್ಕೆ ಇದು ಸರಿಯಾಯ್ತು."

"ಅದು ಮೂರೇ ತಿಂಗಳು. ಇನ್ನೆರಡು ತಿಂಗಳು?"

ಚಿಕ್ಕಪ್ಪ ಮಗುವಿನ ಬೆರಳು ಹಿಡಿದುಕೊಂಡರು.

"ಅದು ಮುಯ್ಯಿ ಅಲ್ಲ ಕಣವ್ವ," ಎಂದರು. "ಅದು ಸುಮ್ನೆ ಬಂದಿದ್ದು."