ಬ್ಯಾರನ್ನಿನಲ್ಲಿ ಬೆಂದ ಗಿಟಾರು

ಕಳೆದ ವರ್ಷ ಭೀಮನ ಅಮಾವಾಸ್ಯೆಯ ದಿನ ಬೆಳಗ್ಗೆ ಒಂಬತ್ತೂಕಾಲಕ್ಕೆ, ಬೆಟ್ಟದಪುರದ ನನ್ನ ಸೋದರಮಾವನ ಮನೆಯ ನಡುಮನೆಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರು ನೆಲಕ್ಕೆ ಬಿತ್ತು. ಮಾವ ಬೀಳಿಸಿದರು ಎಂದು ಅತ್ತೆ, ಅದೇ ಬಿತ್ತು ಎಂದು ಮಾವ. ಎರಡೂ ಹೇಳಿಕೆಗಳನ್ನು ದಾಖಲಿಸಿದ್ದೇನೆ. ಬಿದ್ದ ಎತ್ತರ ಸುಮಾರು ನಾಲ್ಕಡಿ. ಅದು ಬಿದ್ದ ಜಾಗಕ್ಕೂ ಅತ್ತೆಯ ತಲೆಗೂ ಇದ್ದ ದೂರ ಒಂದು ಗೇಣು.

ಗಂಡನ ಪಾದಪೂಜೆ ಮಾಡುವ ಹೆಂಡತಿಯ ತಲೆಯ ಮೇಲೆ ಗಿಟಾರು ಬೀಳುವ ಸಂಭವ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಲ್ಲಿ ಇದ್ದೀತು? ನನಗೆ ತಿಳಿದ ಮಟ್ಟಿಗೆ ಒಂದರಲ್ಲಿ. ಯಾಕೆಂದರೆ ಪಾದಪೂಜೆಗೆ ಕೊರಳಲ್ಲಿ ಗಿಟಾರು ತೂಗಿಕೊಂಡು ಮಣೆಯ ಮೇಲೆ ನಿಲ್ಲುವ ಗಂಡ ಜಿಲ್ಲೆಗೆಲ್ಲ ಒಬ್ಬರೇ!

ಮಾವನಿಗೆ ಐವತ್ತೇಳು ವರ್ಷ. ನಾಲ್ಕೆಕರೆ ಹೊಗೆಸೊಪ್ಪು ಬೆಳೆಯುತ್ತಾರೆ. ಉಳಿದ ಹೊತ್ತು ಪಿರಿಯಾಪಟ್ಟಣದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಾರೆ. ಹೆಂಡತಿಯನ್ನು ಕೇಳಿದರೆ ಈ ಕ್ರಮ ತಿರುವುಮುರುವು ಎನ್ನುತ್ತಾರೆ. ಮಾವನಿಗೆ ಬರುವುದು ಐದು ಕಾರ್ಡು, ಎಂದರೆ ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಐದು ಸ್ವರಗುಚ್ಛ. ಆರನೆಯದು ಬೇಕಾಗುವ ಜಾಗ ಬಂದಾಗ ಆಂಪ್ಲಿಫೈಯರಿನ ಕಡೆ ತಿರುಗಿ, ಅದರೊಳಗೇನೋ ಕೆಟ್ಟಿದೆ ಎಂಬಂತೆ ಹುಬ್ಬು ಗಂಟಿಕ್ಕುತ್ತಾರೆ. ಇಪ್ಪತ್ತೈದು ವರ್ಷದಿಂದ ಜನ ನಂಬಿಕೊಂಡು ಬಂದಿದ್ದಾರೆ. ಪಾಪ, ಆ ಆಂಪ್ಲಿಫೈಯರು!

ಅಮಾವಾಸ್ಯೆಯ ದಿನ ಸಂಜೆ ಒಂದು ಕಾರ್ಯಕ್ರಮವಿತ್ತು. ಹಾಗಾಗಿ ಬೆಳಗ್ಗೆಯಿಂದ ಅಭ್ಯಾಸ. ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರೂ ಗಿಟಾರು ಕೆಳಗಿಳಿಯಲಿಲ್ಲ. ಅತ್ತೆ ಕಾಲಿಗೆ ನಮಸ್ಕರಿಸಿದರು. ಅಕ್ಷತೆ ಹಾಕಿ ಆಶೀರ್ವದಿಸಲು ಮಾವ ಎರಡೂ ಕೈಗಳನ್ನು ಎತ್ತಿದರು. ಗಿಟಾರಿನ ಪಟ್ಟಿಯ ತೂತು ಹಳೆಯಕಾಲದ ಅಜ್ಜಿಯರ ಕಿವಿಯ ಹಾಗೆ ಹಿಗ್ಗಿಹೋಗಿತ್ತು, ಅದನ್ನು ಹಿಡಿದಿಡುವ ಗುಂಡಿಯ ಸ್ಕ್ರೂ ಅಲ್ಲಾಡುತ್ತಿತ್ತು. ಕೈಯ ಆಸರೆ ತಪ್ಪಿದ್ದೇ ತಡ, ಪಟ್ಟಿ ಜಾರಿತು.

"ದೀರ್ಘಸುಮಂಗಲಿ..." ಎಂದಿದ್ದರು ಮಾವ. ವಾಕ್ಯ ಪೂರ್ತಿಯಾಗಲಿಲ್ಲ.

"ನನ್ನ ತಲೆ ವಡ್ದು, ಆಮೇಲೆ ಆಶೀರ್ವಾದ ಮಾಡ್ತೀರಾ?" ಎಂದರು ಅತ್ತೆ.

"ಸುಮ್ಕಿರು, ಅದ್ರ ಕತ್ತೇ ಸೀಳೋಗದೆ!" ಎಂದರು ಮಾವ, ಗಿಟಾರನ್ನು ಎದೆಗೊತ್ತಿಕೊಂಡು. ಹಬ್ಬದ ಊಟಕ್ಕೆಂದು ಹೋಗಿದ್ದ ನಾನು ಕಡುಬಿನ ತಟ್ಟೆ ಹಿಡಿದು ಇಬ್ಬರ ನಡುವೆ ನಿಂತಿದ್ದೆ. ಅತ್ತೆಯ ಕತ್ತಿನ ಬಗ್ಗೆ ಮಾವ ವಿಚಾರಿಸಿದ್ದು ಮಧ್ಯಾಹ್ನದ ಮೇಲೆ.

ಆ ಸಂಜೆಯ ಕಾರ್ಯಕ್ರಮಕ್ಕೆ ಬರಲಾಗದೆಂದು ಮಾವ ಹೇಳಿಕಳಿಸಿದ್ದರು. ಅದೇ ಸಂಜೆ ಆರ್ಕೆಸ್ಟ್ರಾದ ಯಜಮಾನರ ಫೋನು ಬಂತು. ಕೆ.ಆರ್. ನಗರದಿಂದ ಕೀಬೋರ್ಡ್ ಬಾರಿಸುವ ಒಬ್ಬ ಟೀಚರನ್ನು ಸೇರಿಸಿಕೊಂಡಿದ್ದಾರಂತೆ. ಆಕೆಯ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಗಿಟಾರಿನ ಶಬ್ದವೇ ಬರುತ್ತದಂತೆ. "ಗಣಪತಿ ಹಬ್ಬದ ಪ್ರೋಗ್ರಾಂ ಹೊತ್ಗೆ ನಿಮ್ದು ರಿಪೇರಿ ಆದ್ರೆ ಬನ್ನಿ ಅಣ್ಣ. ಆಗ್ನಿಲ್ವ, ಇನ್ಮೇಲೆ ರೆಸ್ಟ್ ತಗಳಿ."

ಗಣಪತಿಗೆ ಉಳಿದಿದ್ದು ಮೂವತ್ತನಾಲ್ಕು ದಿನ. ರೆಸ್ಟ್ ಎಂಬ ಪದ ಮಾವನಿಗೆ ಗಿಟಾರು ಬಿದ್ದದ್ದಕ್ಕಿಂತ ಜೋರಾಗಿ ಕೇಳಿಸಿತು. ರಾತ್ರಿ ಕಡುಬು ಮುಟ್ಟಲಿಲ್ಲ. ಅವರು ಕಡುಬು ಬಿಟ್ಟದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು.

ಮರುದಿನ ರಿಪೇರಿ ಶುರು. ಸೀಳಿಗೆ ಮರದ ಗೋಂದು ಸುರಿದು, ಹೊಗೆಸೊಪ್ಪು ಕಟ್ಟುವ ದಾರದಿಂದ ಕುತ್ತಿಗೆಯನ್ನು ಬಿಗಿಯಾಗಿ ಸುತ್ತಿದರು. ಇಲ್ಲಿಯವರೆಗೆ ತಪ್ಪೇನಿಲ್ಲ. ಆದರೆ ಆಕಾಶದಲ್ಲಿ ಮೋಡ, ಗೋಂದು ಒಣಗದು. ಹೊಗೆಸೊಪ್ಪಿನ ಸೀಮೆಯಲ್ಲಿ ಯಾವುದಾದರೂ ವಸ್ತು ಒಣಗದಿದ್ದರೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಬ್ಯಾರನ್ನಿಗೆ, ಅಂದರೆ ಬೆಂಕಿಯ ಶಾಖದಲ್ಲಿ ಸೊಪ್ಪು ಒಣಗಿಸುವ ಮನೆಗೆ! ಅವತ್ತಷ್ಟೇ ಹಸಿಸೊಪ್ಪು ತುಂಬಿ ಬೆಂಕಿ ಹಾಕಿದ್ದರು. ಸೊಪ್ಪು ಕಟ್ಟಿ ಇಳಿಬಿಟ್ಟ ಅಡ್ಡಕಡ್ಡಿಗಳ ನಡುವೆ ಒಂದು ಕಡ್ಡಿಗೆ ಗಿಟಾರು ಕಟ್ಟಿ ತೂಗುಹಾಕಿದರು.

"ಮೊದುಲ್ನೇ ದಿನ ಬರೇ ಬೆಚ್ಚಗಿರ್ತದೆ ಕಣ್ಲಾ ಅಳಿಯ. ಬಾಣಂತಿ ಕೋಣೆ ಇದ್ದಂಗೆ. ನಾಳೀಕೆ ತಕ್ಕತೀನಿ."

ನಾಳೆ ಬಂತು. ಆದರೆ ಬ್ಯಾರನ್ನಿಗೂ ಒಂದು ಶಾಸ್ತ್ರವಿದೆ. ಒಳಗೆ ಸೊಪ್ಪು ಬಣ್ಣಕ್ಕೆ ತಿರುಗುವಾಗ ಬಾಗಿಲು ಹಾರುಹೊಡೆದು ಕಡ್ಡಿ ಇಳಿಸುತ್ತ ನಿಂತರೆ ಶಾಖ ಹೋಗುತ್ತದೆ, ಸೊಪ್ಪು ಕಪ್ಪಾಗುತ್ತದೆ. ಮಾವ ಗಿಟಾರನ್ನು ಕಟ್ಟಿದ್ದು ಒಳಮೂಲೆಯಲ್ಲಿ. ಅತ್ತೆ ಬ್ಯಾರನ್ನಿನ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ಒಂದ್ ನಿಮ್ಸ ಕಣೆ. ತಲೆಬಗ್ಗಿಸ್ಕೊಂಡೋಗಿ ತಕಬತ್ತೀನಿ."

"ವರ್ಸದ ಬೆಳೆ ಒಳಗದೆ. ನಿಮ್ ಗಿಟಾರ್ಗೆ ಅಂತ ಕದ ತೆಗ್ದ್ರೆ, ನಾಳೀಕೆ ಅದ್ನೇ ಸಾರು ಮಾಡಿ ಬಡಿಸ್ತೀನಿ."

ಐದು ದಿನ ಬ್ಯಾರನ್ನು ಉರಿಯಿತು. ಐದೂ ದಿನ ಮಾವ ಅದರ ಸುತ್ತ ತಿರುಗಿದರು. ಒಳಗಿಣುಕುವ ಗಾಜಿನ ಕಿಂಡಿಯಲ್ಲಿ ಸೊಪ್ಪು ನೋಡಬೇಕಾದವರು ಟಾರ್ಚು ಹಾಕಿ ಗಿಟಾರು ನೋಡಿದರು. ಆರನೆಯ ದಿನ ಕದ ತೆರೆಯಿತು. ಸೊಪ್ಪು ಬಂಗಾರದ ಬಣ್ಣಕ್ಕೆ ಬಂದಿತ್ತು. ಗಿಟಾರೂ ಅಷ್ಟೆ! ಒಳಗೆ ಹೋಗುವಾಗ ಬೆಳ್ಳಗಿತ್ತು. ಗೋಂದು ಬೆಂದು ನೊರೆಯಾಗಿ ಹೊರಬಂದಿತ್ತು. ತಂತಿಗಳನ್ನು ಸಡಿಲಿಸಲು ಮರೆತಿದ್ದರಿಂದ ಅವು ಎಳೆದೆಳೆದು, ಸೀಳಿದ್ದ ತಲೆಭಾಗ ಪೂರ್ತಿ ಕಿತ್ತು ದಾರದಲ್ಲಿ ನೇತಾಡುತ್ತಿತ್ತು.

ಸೊಪ್ಪು ಇಳಿಸಲು ಬಂದಿದ್ದ ಪಕ್ಕದ ಹೊಲದವರು ಗಿಟಾರನ್ನು ತಿರುಗಿಸಿ, ಮೂಸಿ, ತೀರ್ಪು ಕೊಟ್ಟರು: "ಬಣ್ಣ ಫಸ್ಟ್ ಗ್ರೇಡು. ಹರಾಜ್ಗಾಕು, ಬಿಡ್ಡಾಯ್ತದೆ."

ಮುರಿದ ಎರಡು ತುಂಡುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಮಾವ ಹುಣಸೂರಿಗೆ ಹೋದರು. ಜೊತೆಗೆ ನಾನೂ. ಅಲ್ಲಿ ಮಂಚ, ಕುರ್ಚಿ, ತೊಟ್ಟಿಲು ಮಾಡುವ ಒಬ್ಬ ಬಡಗಿ ಸಾಹೇಬರು ಇದ್ದಾರೆ, ಊರಿಗೆಲ್ಲ ಅವರು ಬಾಯ್. ನಮ್ಮ ಮನೆತನದ ಮೂರು ತಲೆಮಾರಿನ ಮಂಚದ ಕಾಲುಗಳು ಅವರ ಅಂಗಡಿಯಲ್ಲೇ ರಿಪೇರಿಯಾಗಿವೆ. ಬಾಯ್ ಪಂಚೆ ಬಿಚ್ಚಿದರು, ಕನ್ನಡಕ ಹಣೆಗೇರಿಸಿದರು, ಮೂಸಿದರು.

"ಯಜಮಾನ್ರೇ, ರಿಪೇರಿ ಮಾಡಿದ್ರೋ, ಬಿರಿಯಾನಿ ಥರ ದಮ್ ಹಾಕಿದ್ರೋ?"

"ಒಣಗ್ಲಿ ಅಂತ ಬ್ಯಾರನ್ಗಾಕಿದ್ದೆ ಬಾಯ್."

"ಸದ್ಯ, ಮುರಿದಿದ್ದು ನಿಮ್ ಕಾಲಲ್ಲ."

ಬಾಯ್ ಅದಕ್ಕೆ ಮುಂಚೆ ಎಲೆಕ್ಟ್ರಿಕ್ ಗಿಟಾರು ಮುಟ್ಟಿದವರಲ್ಲ. ಆದರೆ ಮರ ಮುಟ್ಟಿದವರು. ಮೊದಲು ತಂತಿಗಳನ್ನೆಲ್ಲ ಬಿಚ್ಚಿದರು. ಹಳೆಯ ಗೋಂದನ್ನು ಕೆರೆದು ತೆಗೆದರು. ಹೊಸದಾಗಿ ತೆಳ್ಳಗೆ ಹಚ್ಚಿ, ಎರಡು ತುಂಡನ್ನೂ ಕೂರಿಸಿ, ಆಚೆ ಈಚೆ ಹಲಗೆ ಕೊಟ್ಟು ಕ್ಲಾಂಪಿನಲ್ಲಿ ಬಿಗಿದರು. ಒಂದು ವಾರ ಯಾರೂ ಮುಟ್ಟಬಾರದು ಎಂದರು. ಮಾವ ಮಾರನೆಯ ದಿನವೇ ಬಸ್ಸು ಹತ್ತಿದರು. ಅದರ ಮಾರನೆಯ ದಿನವೂ. ಮೂರನೆಯ ಸಲ ಬಾಯ್ ಅಂಗಡಿಯ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ನೀವು ನೋಡ್ತಾ ಇದ್ರೆ ಅದು ನಾಚ್ಕೊಂಡು ಒಣಗಲ್ಲ. ಮನೇಗ್ ಹೋಗಿ, ಸೊಪ್ಪು ನೋಡಿ."

ವಾರ ಕಳೆದ ಮೇಲೆ ಸ್ಕ್ರೂವಿನ ಸರದಿ. ಮರದಲ್ಲಿ ಸ್ಕ್ರೂ ಕೂರುವ ಹಿಗ್ಗಿದ ತೂತಿಗೆ ಬೆಂಕಿಕಡ್ಡಿ ತುರುಕಿದರೆ ಸಾಕು ಎಂಬುದು ಮಾವನ ಸಲಹೆ. ಬಾಯ್ ಬೆಂಕಿಪೊಟ್ಟಣವನ್ನು ಪಕ್ಕಕ್ಕೆ ತಳ್ಳಿದರು. ಬೀಟೆಯ ಒಂದು ಚೂರನ್ನು ತೂತಿನ ಗಾತ್ರಕ್ಕೆ ಕೆತ್ತಿ, ಗೋಂದು ಹಚ್ಚಿ ತೂತಿಗೆ ಬಡಿದು, ಒಣಗಿದ ಮೇಲೆ ಅದರೊಳಗೆ ಮೊದಲಿಗಿಂತ ಉದ್ದದ ಸ್ಕ್ರೂ ಕೂರಿಸಿದರು. ಆಗ ಮಾವ ಜೇಬಿನಿಂದ ಎರಡು ರಬ್ಬರ್ ವಾಷರು ತೆಗೆದರು. ಔಷಧಿ ಹೊಡೆಯುವ ಪಂಪಿನವು. ಪಟ್ಟಿಯನ್ನು ಗುಂಡಿಗೆ ಸಿಕ್ಕಿಸಿ, ಅದರ ಮೇಲೆ ವಾಷರನ್ನು ಎಳೆದು ಕೂರಿಸಿದರೆ ಪಟ್ಟಿ ಜಾರಲು ದಾರಿಯೇ ಇಲ್ಲ. ಬಾಯ್ ಎಳೆದು ನೋಡಿದರು. ಇನ್ನೊಮ್ಮೆ ಎಳೆದರು.

"ಇದೊಂದು ಬುದ್ಧಿ ಎಲ್ಲಿ ಇಟ್ಟಿದ್ರಿ ಇಷ್ಟು ದಿನ?"

"ಪಂಪಲ್ಲಿತ್ತು" ಎಂದರು ಮಾವ.

ಅಲ್ಲಿಗೆ ನಿಲ್ಲಿಸುವ ಮನುಷ್ಯರೇ? ಚರ್ಮದ ಹೊಸ ಪಟ್ಟಿ ಹೊಲಿಸಿದರು. ಅದರ ಶಕ್ತಿ ಪರೀಕ್ಷೆಗೆ ಹಿತ್ತಲಿನ ಹಲಸಿನ ಮರದ ಕೊಂಬೆಗೆ ಪಟ್ಟಿ ಕಟ್ಟಿ, ಎರಡು ದಿನ ಒಂದು ಬೂದುಗುಂಬಳ ತೂಗುಹಾಕಿದರು. ದಾರಿಯಲ್ಲಿ ಹೋಗುವವರು ಯಾವ ದೇವರ ಹರಕೆ ಎಂದು ಕೇಳಿ, ಇಬ್ಬರು ಕೈಯನ್ನೂ ಮುಗಿದರು. ಆಂಪ್ಲಿಫೈಯರಿಗೆ ಹೋಗುವ ವೈರನ್ನು ಯಾರಾದರೂ ತುಳಿದರೆ ಜಗ್ಗದಿರಲಿ ಎಂದು ಅದನ್ನು ಪಟ್ಟಿಯ ಒಳಗಿಂದ ಒಂದು ಸುತ್ತು ತಂದು ಸಿಕ್ಕಿಸಿದರು. ಇಷ್ಟಾದರೂ ಸಮಾಧಾನವಾಗದೆ, ಕರು ಕಟ್ಟುವ ಹಗ್ಗದ ಒಂದು ತುದಿಯನ್ನು ಗಿಟಾರಿಗೂ ಇನ್ನೊಂದನ್ನು ತಮ್ಮ ಸೊಂಟದ ಬೆಲ್ಟಿಗೂ ಬಿಗಿದುಕೊಂಡು ನಡುಮನೆಯಲ್ಲಿ ನಿಂತರು.

ಅತ್ತೆ ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಕಟ್ಟಾಕಿರದು ಅದ್ನೋ, ನಿಮ್ನೋ?"

ಹಗ್ಗ ಕೊಟ್ಟಿಗೆಗೆ ವಾಪಸಾಯಿತು.

ಗಣಪತಿ ಹಬ್ಬದ ಸಂಜೆ ಏಳಕ್ಕೆ ಪಿರಿಯಾಪಟ್ಟಣದಲ್ಲಿ ಕಾರ್ಯಕ್ರಮ. ಅತ್ತೆಯೂ ಬಂದಿದ್ದರು. ಅತ್ತೆ ಆರ್ಕೆಸ್ಟ್ರಾ ನೋಡಲು ಬಂದದ್ದು ಮದುವೆಯಾದಾಗಿನಿಂದ ಎರಡನೆಯ ಸಲ. ವೇದಿಕೆಯ ಒಂದು ಪಕ್ಕದಲ್ಲಿ ಬಂಗಾರದ ಬಣ್ಣದ ಗಿಟಾರಿನೊಂದಿಗೆ ಮಾವ, ಅವರ ಬಲಕ್ಕೆ ಕೆ.ಆರ್. ನಗರದ ಟೀಚರು. ಆಕೆ ಮಾವನನ್ನು "ಅಂಕಲ್" ಎಂದರು. ಮಾವ ಕೇಳಿಸದವರಂತೆ ಆಂಪ್ಲಿಫೈಯರಿನ ಕಡೆ ತಿರುಗಿದರು. ಯಜಮಾನರು ಮೊದಲೇ ಹೇಳಿದ್ದರು: ಇವತ್ತು ಇಬ್ಬರನ್ನೂ ನೋಡುತ್ತೇನೆ, ಇನ್ನು ಮುಂದೆ ಯಾರು ಎಂಬುದನ್ನು ಆಮೇಲೆ ತೀರ್ಮಾನಿಸುತ್ತೇನೆ.

ನಾಲ್ಕು ಹಾಡುಗಳು ಕಳೆದವು. ಪಟ್ಟಿ ಅಲ್ಲಾಡಲಿಲ್ಲ. ಐದನೆಯ ಹಾಡಿನ ನಡುವೆ ಗಿಟಾರು ಒಂದೇ ನುಡಿಯುವ ಭಾಗವಿತ್ತು. ಮಾವ ಒಂದು ಹೆಜ್ಜೆ ಮುಂದೆ ಬಂದರು. ಅವರು ಒಂದು ತಿಂಗಳಿಂದ ಕಾದಿದ್ದು ಆ ಅರ್ಧ ನಿಮಿಷಕ್ಕೆ.

ಅಷ್ಟರಲ್ಲಿ, ಕತ್ತರಿಯಂತೆ ಮಡಚುವ ಕೀಬೋರ್ಡ್ ಸ್ಟ್ಯಾಂಡಿನ ಬೋಲ್ಟು ಕಿತ್ತುಕೊಂಡು, ಸ್ಟ್ಯಾಂಡು ಕುಸಿಯತೊಡಗಿತು. ಮಾವ ಗಿಟಾರಿನಿಂದ ಎರಡೂ ಕೈಗಳನ್ನು ತೆಗೆದು ಪಕ್ಕಕ್ಕೆ ಬಾಗಿ, ಕೀಬೋರ್ಡನ್ನು ಕೆಳಗಿನಿಂದ ಹಿಡಿದರು. ಮೂರನೆಯ ಸಾಲಿನಲ್ಲಿದ್ದ ಅತ್ತೆ ಎದ್ದು ನಿಂತರು. ಗಿಟಾರು ಮಾವನ ಕೊರಳಲ್ಲಿ ಒಮ್ಮೆ ತೂಗಾಡಿ ನಿಂತಿತು. ಬೀಳಲಿಲ್ಲ.

"ಅಂಕಲ್, ಬಿಡ್ಬೇಡಿ" ಎಂದರು ಟೀಚರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಬುಡಾಕಿಲ್ಲ ಕಣವ್ವ. ನೀ ಬಾರ್ಸು."

"ಗಿಟಾರ್ ಭಾಗ ಈಗ..."

"ನೀನೇ ಬಾರ್ಸು ಅಂದ್ನಲ್ಲ. ಗುಂಡಿ ಒತ್ತು."

ಆಕೆ ಗುಂಡಿ ಒತ್ತಿದರು. ಗಿಟಾರಿನ ಆ ಅರ್ಧ ನಿಮಿಷ ಕೀಬೋರ್ಡಿನಿಂದ ಹೊರಟಿತು. ಮಾವ ಬಾಗಿದ ಬೆನ್ನಿನಲ್ಲೇ ಕೀಬೋರ್ಡನ್ನು ಹಾಡಿನ ಕೊನೆಯವರೆಗೂ ಹೊತ್ತು ನಿಂತಿದ್ದರು. ಕಾಲಿನಲ್ಲಿ ತಾಳ ಹಾಕುತ್ತಿದ್ದರು. ಹಾಡು ಮುಗಿದ ಮೇಲೆ ಯಾರೋ ಎರಡು ಮೇಜು ತಂದುಕೊಟ್ಟರು.

ಎಚ್.ಡಿ. ಕೋಟೆಯಲ್ಲಿದ್ದ ಮುಂದಿನ ಕಾರ್ಯಕ್ರಮಕ್ಕೆ ಇಬ್ಬರೂ ಬರಬೇಕೆಂದು ಯಜಮಾನರು ಅಲ್ಲೇ ಹೇಳಿದರು.

ಸೋಮವಾರ ಬೆಳಗ್ಗೆ ಎಂಟರ ಬಸ್ಸಿಗೆ ಮಾವ ಹುಣಸೂರಿನ ಬಾಯ್ ಅಂಗಡಿಗೆ ಹೊರಟರು. ಗಿಟಾರು ಮನೆಯಲ್ಲೇ ಇತ್ತು. ಅವರ ಕಂಕುಳಲ್ಲಿದ್ದದ್ದು ಟೀಚರ ಕೀಬೋರ್ಡಿನ ಸ್ಟ್ಯಾಂಡು.