ಓಡಿದ್ದಾರೆಂದು ಭಾವಿಸತಕ್ಕದ್ದು

ಅಗ್ನಿಶಾಮಕ ಠಾಣೆಗೆ ಮಾತ್ರೆ ಬಂತು. ಜೊತೆಗೆ ಆದೇಶವೂ ಬಂತು: "ಸದರಿ ಮಾತ್ರೆ ಸೇವಿಸಿದ ಸಿಬ್ಬಂದಿಯ ದೇಹದಲ್ಲಿ ಓಟದಿಂದಾಗುವ ಸಕಲ ಪರಿಣಾಮಗಳೂ ಆಗುವುದರಿಂದ, ಅವರು ಓಡಿದ್ದಾರೆಂದೇ ಭಾವಿಸತಕ್ಕದ್ದು." ಅಂದಿನಿಂದ ಬೆಳಗಿನ ಕವಾಯತು ನಿಂತಿತು. ಸಿಬ್ಬಂದಿ ಬೆಂಚಿನ ಮೇಲೆ ಕೂತು ಓಡತೊಡಗಿದರು.

ಎದುರು ಅಂಗಡಿಯ ದರ್ಜಿಗೆ ಇದರಿಂದ ಒಳ್ಳೆಯದೇ ಆಯಿತು. ತಿಂಗಳೊಪ್ಪತ್ತಿನಲ್ಲಿ ಎಲ್ಲರ ಹೊಟ್ಟೆ ಕರಗಿ ಪ್ಯಾಂಟು ಜಾರತೊಡಗಿದವು. ಠಾಣೆಯ ಅಷ್ಟೂ ಪ್ಯಾಂಟು ಸೊಂಟ ಹಿಡಿಸಲು ಅವನಲ್ಲಿಗೇ ಬಂದವು. ಅವನಿಗಿದ್ದದ್ದು ಮಾವ ಕೊಟ್ಟ ಒಂದೇ ಒಂದು ಹೊಲಿಗೆ ಮಿಷನ್. ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಒಂದು ದಿನ ಅವನು ಇಸ್ತ್ರಿಪೆಟ್ಟಿಗೆಯನ್ನು ಪ್ಯಾಂಟಿನ ಮೇಲೆ ಮರೆತು ಹಿತ್ತಿಲಿಗೆ ಹೋಗಿಬರುವಷ್ಟರಲ್ಲಿ ಅಂಗಡಿಗೆ ಬೆಂಕಿ ಹತ್ತಿತು. ದರ್ಜಿ ಒಂದೇ ಉಸಿರಿಗೆ ರಸ್ತೆ ದಾಟಿದ.

"ಸಾರ್, ನನ್ನ ಅಂಗಡಿ! ಮಿಷನ್ ಒಳಗೇ ಇದೆ!"

ಠಾಣಾಧಿಕಾರಿ ಟವೆಲು ಸುತ್ತಿಕೊಂಡು ಕುರ್ಚಿಯಲ್ಲಿದ್ದರು. ಹಿಂದಿನ ಬೆಂಚಿನ ತುಂಬ ಟವೆಲುಗಳು.

"ಸಮವಸ್ತ್ರ ಇಲ್ದೆ ಬೆಂಕಿ ಹತ್ರ ಹೋಗೋ ಹಾಗಿಲ್ಲಪ್ಪ. ನಿಯಮ. ನಮ್ಮ ಪ್ಯಾಂಟು ಎಲ್ಲಿ?"

"ಅಂಗಡೀಲಿ, ಸಾರ್."

"ನೋಡು, ತಪ್ಪು ನಿಂದೇ. ಹಾಗಂತ ಕೈ ಬಿಡೋಕಾಗುತ್ತಾ?"

ಅಧಿಕಾರಿ ಗಂಟೆ ಬಾರಿಸಿದರು. ತುರ್ತು ಪರಿಸ್ಥಿತಿಯಾದ್ದರಿಂದ ಎಲ್ಲರೂ ತಲಾ ಎರಡು ಮಾತ್ರೆ ನುಂಗಿದರು. ಬೆಂಚಿನುದ್ದಕ್ಕೂ ಬೆವರು ಇಳಿಯಿತು.

"ಎಲ್ಲಿಗೆ ಬಂದ್ರೋ?"

"ಏಣಿ ಹತ್ತಿದ್ದೀವಿ ಸಾರ್," ಎಂದ ಡ್ರೈವರ್, ಏದುಸಿರು ಬಿಡುತ್ತ.

"ಒಂದು ಬಕೆಟ್ಟಾದ್ರೂ ಕೊಡಿ ಸಾರ್!"

"ಕಾರ್ಯಾಚರಣೆ ನಡೀವಾಗ ಸಾರ್ವಜನಿಕರು ಅಡ್ಡ ಬರಬಾರ್ದು."

ಉರಿಯಲು ಏನೂ ಉಳಿಯದಾದಾಗ ಬೆಂಕಿ ಆರಿತು. ಕಾರ್ಯಾಚರಣೆ ಯಶಸ್ವಿಯಾಗಿದೆ, ಸಿಬ್ಬಂದಿಗೆ ಯಾವುದೇ ಗಾಯಗಳಾಗಿಲ್ಲ ಎಂದು ಅಧಿಕಾರಿ ಮೇಲಿನವರಿಗೆ ತಿಳಿಸಿದರು. ಆಮೇಲೆ ದರ್ಜಿಯ ಕಡೆ ತಿರುಗಿದರು.

"ಸರಿ, ನಮ್ಮ ಪ್ಯಾಂಟು ಯಾವಾಗ ಕೊಡ್ತೀಯ?"

"ಮಿಷನ್ನೇ ಇಲ್ವಲ್ಲ ಸಾರ್. ಏನು ತುಳೀಲಿ?"

ಅಧಿಕಾರಿ ಅಂಗೈ ಚಾಚಿದರು. ಅದರಲ್ಲೊಂದು ಮಾತ್ರೆ ಇತ್ತು. ದರ್ಜಿ ಅಂಗಡಿಯನ್ನು ನೋಡಿದ, ಮಾತ್ರೆಯನ್ನು ನೋಡಿದ, ನುಂಗಿದ.

ಸಂಜೆ ಕಾಲೆಳೆದುಕೊಂಡು ಮನೆ ಸೇರಿದ.

"ಏನ್ರೀ, ಇಷ್ಟೊಂದು ಸುಸ್ತು?" ಎಂದಳು ಹೆಂಡತಿ.

"ಮೈತುಂಬ ಕೆಲಸ ಕಣೇ. ಇಡೀ ಠಾಣೆ ಪ್ಯಾಂಟು ಮುಗಿಸಿಕೊಟ್ಟೆ."

ಅವಳು ಅವನ ಕಾಲಿಗೆ ಬಿಸಿನೀರು ತಂದಳು.