ನಮ್ಮ ಮನೆಯವರನ್ನು ರಿಯಾಯಿತಿ ದರದಲ್ಲಿ ಹೂಳಿದ ಜಾಹೀರಾತು ಯಂತ್ರಕ್ಕೆ

ಮಾನ್ಯ ಚಮನ್‌ಯೋರ್ ಅವರೇ,

ತಮಗೂ, ತಮ್ಮನ್ನು ಕೂಡಿಸಿಟ್ಟಿರುವ ಕಬ್ಬಿಣದ ಕಪಾಟುಗಳಿಗೂ, ಆ ಕಪಾಟುಗಳಿಗೆ ಗಾಳಿ ಹಾಕುವ ಫ್ಯಾನುಗಳಿಗೂ ಫರ್ಗಾನಾ ಕಣಿವೆಯ ಕುವಾ ಪಟ್ಟಣದ ಹೊರಗಿನ ನಮ್ಮ ಬೀದಿಯಿಂದ ಸಾವಿರ ಸಲಾಮುಗಳು. ಆರೋಗ್ಯ ಹೇಗಿದೆ, ಮನೆಮಂದಿ ಹೇಗಿದ್ದಾರೆ, ಸೊಂಟ ನೋವು ಕಡಿಮೆಯಾಯಿತೇ ಎಂದೆಲ್ಲ ವಿಚಾರಿಸಿದ ಮೇಲೆ ಮಾತಿಗೆ ಬರುವುದು ನಮ್ಮ ಕಡೆಯ ರೂಢಿ. ತಮಗೆ ಸೊಂಟವಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಚಳಿಗಾಲದಲ್ಲಿ ನಮಗೆ ಕರೆಂಟು ಬರುವುದೇ ಒಂದು ವಿಶೇಷ. ತಮ್ಮಲ್ಲಿ ಮಾತ್ರ ಅದು ಎಂದೂ ಹೋಗದಿರಲಿ, ಯಾಕೆಂದರೆ ಈ ಪತ್ರವನ್ನು ತಾವು ಕೊನೆಯವರೆಗೂ ಓದಬೇಕಾಗಿದೆ.

ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ಪರಿಚಯವಿಲ್ಲದ ಅದೃಷ್ಟವಂತರಿಗೂ ಒಂದು ಮಾತು ಹೇಳಬೇಕು. ಚಮನ್‌ಯೋರ್ ಅವರು ಮನುಷ್ಯರಲ್ಲ. ಗಿಡ, ಸಸಿ, ಹೂವು ಮಾರುವ ಸಣ್ಣ ಜನರಿಗಾಗಿ ಮೊಬೈಲಿನಲ್ಲಿ ತಾವೇ ಜಾಹೀರಾತು ಬರೆದು, ತಾವೇ ಊರೂರಿಗೆ ಹಂಚಿ, ಪ್ರತಿ ತಿಂಗಳು ಚಂದಾ ಹಣವನ್ನು ಮಾತ್ರ ಯಾರನ್ನೂ ಕೇಳದೆ ತೆಗೆದುಕೊಳ್ಳುವ ಒಂದು ಯಂತ್ರ. ನಾನು ಮುಅತ್ತರ್. ನನ್ನ ಗಂಡ ಹೋಶಿಮ್ ಮನೆಯ ಹಿಂದಿನ ತೋಟದಲ್ಲಿ ಅಂಜೂರ, ದಾಳಿಂಬೆ, ದ್ರಾಕ್ಷಿ ಸಸಿಗಳನ್ನೂ ಕಸಿ ಕಟ್ಟಿದ ಗುಲಾಬಿಗಳನ್ನೂ ಬೆಳೆಸಿ ಮಾರುತ್ತಾರೆ. ಮಾರುತ್ತಿದ್ದರು ಎಂದರೆ ಹೆಚ್ಚು ಸರಿಯಾದೀತು.

ನಮ್ಮ ಬೀದಿಯ ಗುಲಾಬಿಗಳೆಲ್ಲ ರಷ್ಯಾದ ಹಣದಲ್ಲಿ ಬೆಳೆದವು. ಮಾಸ್ಕೋದಲ್ಲಿ ಇಟ್ಟಿಗೆ ಹೊರುವ ಮಗ ಹಣ ಕಳಿಸಿದರೆ ಇಲ್ಲಿ ತಾಯಿ ಗೇಟಿಗೆ ಬಣ್ಣ ಹೊಡೆಸಿ, ಅದರ ಎರಡೂ ಬದಿಗೆ ನಮ್ಮಲ್ಲಿಂದ ಗುಲಾಬಿ ಒಯ್ದು ನೆಡುತ್ತಿದ್ದಳು. ಅಲ್ಲಿ ಕಟ್ಟಡಗಳ ಕೆಲಸ ನಿಂತಿತು, ಮಕ್ಕಳು ಬರಿಗೈಯಲ್ಲಿ ವಾಪಸು ಬಂದರು, ತಾಯಂದಿರು ಗುಲಾಬಿ ಕಿತ್ತು ಈರುಳ್ಳಿ ಹಾಕಿದರು. ಅವರನ್ನು ನಾನು ದೂರುವುದಿಲ್ಲ, ನಾನೂ ಹಾಕಿದೆ. ಆದರೆ ಈರುಳ್ಳಿಗೆ ಕಸಿ ಕಟ್ಟುವವರು ಬೇಕಾಗುವುದಿಲ್ಲವಲ್ಲ. ಆಗಲೇ ಪೇಟೆಯ ನೂರ್ಮತ್ ಎಂಬಾತ ದಲ್ಲಾಳಿಯನ್ನು ಕಳಿಸಿ, ರಸ್ತೆಗೆ ತಾಗಿಕೊಂಡಿರುವ ನಮ್ಮ ತೋಟ ಕಾರು ತೊಳೆಯುವ ಅಂಗಡಿಗೆ ಹೇಳಿ ಮಾಡಿಸಿದ ಜಾಗ ಎಂದು ಹೇಳಿಸಿದ. ನನ್ನ ಅತ್ತೆ ಕೈಯಾರೆ ನೆಟ್ಟ ಅಂಜೂರದ ತಾಯಿಮರಗಳು ಇರುವುದು ಅಲ್ಲಿಯೇ. ಈ ವಸಂತದಲ್ಲಿ ಸಸಿ ಮಾರಾಟವಾಗದಿದ್ದರೆ ಕೊಟ್ಟುಬಿಡುವುದೆಂದು ನಮ್ಮ ಮನೆಯವರು ಒಪ್ಪಿದ್ದರು. ಒಪ್ಪಿದ ಮೇಲೆ ಒಂದು ವಾರ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ.

ಇಂಥ ಹೊತ್ತಿನಲ್ಲಿ ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ ‘ಬಿಕ್ಕಟ್ಟಿನಲ್ಲೂ ಅರಳಿರಿ’ ಎಂಬ ತರಬೇತಿ ನಡೆಯಿತು. ಹೀಟರ್ ಇಲ್ಲದ ಆ ಸಭಾಂಗಣದಲ್ಲಿ ಕೋಟು ಬಿಚ್ಚದೆ ಕುಳಿತಿದ್ದ ಗಿಡ ಮಾರುವ ಹೆಂಗಸರಿಗೆ, ಕಾಲುಚೀಲ ಹಾಕದ ಒಬ್ಬ ಯುವಕರು ಬಹಳ ಒಳ್ಳೆಯ ಮಾತುಗಳನ್ನಾಡಿದರು. “ಜನ ಗಿಡ ಕೊಳ್ಳೋದಿಲ್ಲ ಅಮ್ಮಂದಿರೇ, ಭಾವನೆ ಕೊಳ್ತಾರೆ. ನೀವು ಭಾವನೆ ಮಾರಿ” ಎಂದರು. ನನ್ನ ಹಿಂದೆ ಕುಳಿತಿದ್ದ ಟೊಮೇಟೊ ಸಸಿಯ ಮುದುಕಿಯೊಬ್ಬರು “ಭಾವನೆಗೆ ನೀರು ಎಷ್ಟು ದಿನಕ್ಕೊಂದ್ಸಲ ಹಾಕ್ಬೇಕಪ್ಪಾ?” ಎಂದು ಕೇಳಿದರು. ಅವರು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದು. ಉತ್ತರವಾಗಿ ತಮ್ಮ ಹೆಸರು ಬಂತು. ಎಲ್ಲರ ಮೊಬೈಲಿಗೂ ತಮ್ಮನ್ನು ಇಳಿಸಿಕೊಟ್ಟರು.

ತಾವು ನನ್ನನ್ನು ಅಕ್ಕರೆಯಿಂದ ಮಾತಾಡಿಸಿದಿರಿ ಎಂಬುದನ್ನು ಮರೆಯಲಾರೆ. ತೋಟದ ಫೋಟೋ ಕೇಳಿದಿರಿ, ಕಳಿಸಿದೆ. ‘ಸ್ಥಾಪಕರ’ ಫೋಟೋ ಕೇಳಿದಿರಿ. ನಮ್ಮ ಮನೆಯವರು ಮದುವೆಯ ವರ್ಷ ಕಪ್ಪು ಕೋಟು, ದಪ್ಪ ಮೀಸೆಯಲ್ಲಿ ತೆಗೆಸಿಕೊಂಡದ್ದೊಂದೇ ಇತ್ತು, ಅದನ್ನೂ ಕಳಿಸಿದೆ. ಜಾಹೀರಾತನ್ನು ಹಂಚುವ ಮೊದಲು ತೋರಿಸಬೇಕೇ ಅಥವಾ ತಮ್ಮ ವಿವೇಚನೆಗೆ ಬಿಡುತ್ತೀರೇ ಎಂದು ಕೇಳಿದಿರಿ. ನಾನು ವಿವೇಚನೆಗೆ ಬಿಟ್ಟೆ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ವಿವೇಚನೆ ಇದೆ ಎಂದುಕೊಂಡದ್ದು ನಾನು.

ಈಗ ಆ ತೋಟದ ಫೋಟೋದ ವಿಷಯ. ಜನವರಿಯಲ್ಲಿ ನಮ್ಮ ತೋಟದಲ್ಲಿ ಗಿಡಗಳು ಕಾಣುವುದಿಲ್ಲ, ಈ ಕಣಿವೆಯ ಯಾರ ತೋಟದಲ್ಲೂ ಕಾಣುವುದಿಲ್ಲ. ಹಿಮಕ್ಕೆ ಸಾಯಬಾರದೆಂದು ಅಂಜೂರವನ್ನೂ ದಾಳಿಂಬೆಯನ್ನೂ ಬಳ್ಳಿಯನ್ನೂ ಶರತ್ಕಾಲದಲ್ಲೇ ಬಗ್ಗಿಸಿ, ಮಲಗಿಸಿ, ಹುಲ್ಲು ಹಾಸಿ, ಮೇಲೆ ಮಣ್ಣು ಮುಚ್ಚುತ್ತೇವೆ. ಕೆಲವರು ಹೇಗೋ ಮಣ್ಣೆಳೆದು ಬಿಡುತ್ತಾರೆ. ನಮ್ಮ ಮನೆಯವರಿಗೆ ಅದು ಆಗದು. ಅವರ ದಿಬ್ಬಗಳು ಆಳುದ್ದ, ಎಲ್ಲವೂ ಒಂದೇ ದಿಕ್ಕಿಗೆ, ನೂಲು ಹಿಡಿದು ಎಳೆದ ಸಾಲಿನಲ್ಲಿ, ಪ್ರತಿಯೊಂದರ ತಲೆಯ ಬಳಿ ಒಂದು ಗೂಟ, ಗೂಟದ ಮೇಲೆ ತಳಿಯ ಹೆಸರು, ನೆಟ್ಟ ವರ್ಷ. ಅದನ್ನು ಕಂಡು ತಾವು ಏನೆಂದುಕೊಂಡಿರಿ ಎಂಬುದು ಈಗ ಮೂರು ಜಿಲ್ಲೆಗಳಿಗೆ ಗೊತ್ತಿದೆ. ಗೂಟಗಳಲ್ಲಿ ಹುಟ್ಟಿದ ವರ್ಷವಿದೆ, ಸತ್ತ ವರ್ಷವೇಕಿಲ್ಲ ಎಂದು ಒಂದು ಗಳಿಗೆ ಯೋಚಿಸಿದ್ದರೂ ಸಾಕಿತ್ತು, ಆದರೆ ತಮ್ಮಂಥ ಕೆಲಸಗಾರರಿಗೆ ಗಳಿಗೆ ಎಲ್ಲಿ ಸಿಗಬೇಕು.

ತಾವು ಬರೆದದ್ದು ನನಗೆ ಬಾಯಿಪಾಠವಾಗಿದೆ. “ಹೋಶಿಮ್ ತೋಟ. ನಿಮ್ಮ ಆತ್ಮೀಯರಿಗೆ ಹಸಿರಿನ ಮಡಿಲಲ್ಲಿ ಕೊನೆಯ ನೆಲೆ. ಈ ಕಷ್ಟಕಾಲದಲ್ಲಿ ಕುಟುಂಬಗಳಿಗೆ ವಿಶೇಷ ರಿಯಾಯಿತಿ. ಇಬ್ಬರಿಗೆ ಒಟ್ಟಿಗೆ ಕಾದಿರಿಸಿ, ಎರಡನೆಯವರಿಗೆ ಅರ್ಧ ಬೆಲೆ.” ಕೆಳಗೆ ಕಪ್ಪು ಅಂಚಿನೊಳಗೆ ನಮ್ಮ ಮನೆಯವರ ಮೀಸೆ, ಅದರ ಕೆಳಗೆ “ಸ್ಥಾಪಕರು ಸದಾ ನಮ್ಮ ಹೃದಯದಲ್ಲಿ.” ಬೀದಿಯ ಟೆಲಿಗ್ರಾಮ್ ಗುಂಪಿಗೂ ತಾವು ಅದನ್ನು ಉದಾರವಾಗಿ ಹಂಚಿದಿರಿ. ಭಾಷೆ ಸೊಗಸಾಗಿತ್ತು. ಕಸಿ ಗುಲಾಬಿಯ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ.

ಆ ಬೆಳಗ್ಗೆ ನಮ್ಮ ಮನೆಯವರು ಹಗ್ಗ ತರಲು ಫರ್ಗಾನಾಕ್ಕೆ ಹೋಗಿದ್ದರು. ಕಣಿವೆಯ ತುಂಬ ಮಂಜು. ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಪಕ್ಕದ ಮನೆಯ ಸಬೋಹತ್ ಚಿಕ್ಕಮ್ಮ ತಲೆಯ ವಸ್ತ್ರ ಜಾರಿದ್ದೂ ತಿಳಿಯದೆ ಓಡಿಬಂದು ನನ್ನನ್ನು ತಬ್ಬಿಕೊಂಡು ಗೋಳೋ ಎಂದರು. “ಅಯ್ಯೋ ಮಗಳೇ, ಹೋಗ್ಬಿಟ್ನಂತಲ್ಲೇ ಹೋಶಿಮ್. ಮೊನ್ನೆ ನಮ್ಮನೆ ಬಳ್ಳಿ ಮೇಲೆ ಜಾರಿದ್ದ ಮಣ್ಣು ಸರಿಮಾಡಿಕೊಟ್ಟು ಹೋದ, ಒಂದು ಬಟ್ಟಲು ಚಹಾ ಕುಡಿ ಅಂದ್ರೆ ಆಮೇಲೆ ಬರ್ತೀನಿ ಚಿಕ್ಕಮ್ಮ ಅಂದ. ಇನ್ನೆಲ್ಲಿ ಬರ್ತಾನೆ.” ಎಲ್ಲಿ, ಯಾವಾಗ ಎಂದು ಕೇಳಿದೆ. “ಮೊಬೈಲಲ್ಲಿ ಬಂದಿದೆ, ಎಲ್ರಿಗೂ ಬಂದಿದೆ” ಎಂದರು. ನಮ್ಮ ಮನೆಯವರಿಗೆ ಫೋನು ಮಾಡಿದೆ, ಬಂದ್ ಆಗಿತ್ತು. ಆ ಮಂಜಿನಲ್ಲಿ, ಆ ರಸ್ತೆಯಲ್ಲಿ, ಆ ಹಳೇ ಮಿನಿಬಸ್ಸಿನಲ್ಲಿ. ಮಾನ್ಯರೇ, ನಾನು ನಂಬಿದೆ. ಹುಲ್ಲು ಕೈಯಲ್ಲೇ ಇತ್ತು, ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಅವರೊಡನೆ ಆ ವಾರ ಮಾತು ನಿಂತಾಗ ನಾನಾಗಿಯೇ ಏಕೆ ಮಾತಾಡಿಸಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ತಮ್ಮ ಇತರ ಸೇವೆಗಳಿಗೆ ದರಪಟ್ಟಿ ಇದೆ, ಈ ಅರ್ಧ ದಿನವನ್ನು ಮಾತ್ರ ತಾವು ನನಗೆ ಉಚಿತವಾಗಿ ಒದಗಿಸಿದಿರಿ.

ನಮ್ಮಲ್ಲಿ ಸಾವಿನ ಸುದ್ದಿಗೆ ಯಾರೂ ಕಾರಣ ಕೇಳುತ್ತ ನಿಲ್ಲುವುದಿಲ್ಲ. ನೋಡನೋಡುತ್ತಿದ್ದಂತೆ ಗೇಟಿನ ಹೊರಗೆ ಬೆಂಚುಗಳು ಬಂದವು, ಶೋಕದ ಗುರುತಿಗೆ ಸೊಂಟಕ್ಕೆ ವಸ್ತ್ರ ಕಟ್ಟಿದ ಗಂಡಸರು ಬಂದು ಕುಳಿತರು, ಬೀದಿಯ ದೊಡ್ಡ ಪಲಾವ್ ಕಡಾಯಿಯೂ ಬಂತು. ಇಡೀ ವರ್ಷ ಒಂದು ಸಸಿ ಕೊಳ್ಳದವರು ಕೂಡ ಬಂದಿದ್ದರು. ಬೀದಿಯ ಹಿರಿಯರಾದ ಎರ್ಗಾಶ್ ಅಜ್ಜ “ಅಂಥ ಕೈ ಇನ್ನು ಹುಟ್ಟೋದಿಲ್ಲ, ಅವನು ಕಸಿ ಕಟ್ಟಿದ ಗಿಡ ಒಂದಾದ್ರೂ ಒಣಗಿದ್ದು ನಾನು ಕಂಡಿಲ್ಲ” ಎಂದು ಹೇಳುತ್ತಿದ್ದುದು ಒಳಗಿದ್ದ ನನಗೂ ಕೇಳಿಸಿತು.

ನಮ್ಮ ಮನೆಯವರು ಬಂದದ್ದು ಆಗಲೇ. ಮಿನಿಬಸ್ಸಿನಿಂದಿಳಿದು ಮಂಜಿನಲ್ಲಿ ನಡೆದು ಬಂದವರಿಗೆ ಗೇಟಿನ ಮುಂದೆ ಬೆಂಚು ಕಂಡಿದೆ. ಬೆಂಚು ಕಂಡವನು ಮೊದಲು ಕೂರಬೇಕು, ಅಂಗೈ ಎತ್ತಿ ಸತ್ತವರಿಗಾಗಿ ಫಾತಿಹಾ ಹೇಳಿ ಮುಖ ಸವರಿಕೊಳ್ಳಬೇಕು, ಆಮೇಲೆ ಕೇಳಬೇಕು. ಅವರು ಕೊನೆಯ ಬೆಂಚಿನ ಕೊನೆಯಲ್ಲಿ, ಮೂಗಿನವರೆಗೆ ಸುತ್ತಿದ ಮಫ್ಲರಿನಲ್ಲಿ, ಗೇಟು ಯಾರದೆಂದು ಸಹ ಸರಿಯಾಗಿ ನೋಡದೆ, ತಮ್ಮದೇ ಆತ್ಮಶಾಂತಿಗಾಗಿ ಮನಸಾರೆ ಪ್ರಾರ್ಥಿಸಿದರು. ಪಕ್ಕದಲ್ಲಿ ಕುಳಿತಿದ್ದವನು ಪೇಟೆಯ ನೂರ್ಮತ್. ದಲ್ಲಾಳಿಯ ಮೂಲಕವೇ ವ್ಯವಹರಿಸಿದ್ದ ಅವನು ನಮ್ಮ ಮನೆಯವರ ಮುಖವನ್ನು ತಮ್ಮ ಜಾಹೀರಾತಿನ ಮೀಸೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಮುಖ ಸವರಿಕೊಂಡವನೇ ಇವರ ಕಡೆ ಬಾಗಿ “ಪಾಪ, ಒಳ್ಳೆಯವನಂತೆ. ಇನ್ನು ಹೆಂಗಸು ಒಬ್ಬಳೇ. ನಲವತ್ತು ದಿನದ ಶೋಕ ಕಳೀಲಿ, ಹೇಳಿದ್ದರ ಅರ್ಧ ರೇಟಿಗೆ ಕೊಡ್ತಾಳೆ. ಆ ಹಳೇ ಅಂಜೂರ ಕಡಿಯೋದಕ್ಕೆ ನಿಮ್ಮ ಕಡೆ ಯಾರಾದ್ರೂ ಇದಾರಾ?” ಎಂದನಂತೆ.

ಅಷ್ಟರಲ್ಲಿ ಎರ್ಗಾಶ್ ಅಜ್ಜ ಈ ಕಡೆ ತಿರುಗಿ ನೋಡಿದರು.

“ಹೋಶಿಮ್, ನೀನೇನಪ್ಪಾ?”

“ನಾನೇ ಅಜ್ಜ. ಯಾರು ಹೋದದ್ದು?”

“ನೀನೇ ಕಣಪ್ಪ.”

ಇವರು ಮಫ್ಲರ್ ಬಿಚ್ಚಿ, ನೂರ್ಮತನ ಕಡೆ ತಿರುಗಿ, “ಮರ ಕಡಿಯೋರು ಯಾರೂ ಇಲ್ಲ. ಜಾಗಾನೂ ಇಲ್ಲ. ಪಲಾವ್ ಇದೆ, ಊಟ ಮಾಡ್ಕೊಂಡು ಹೋಗಿ” ಎಂದರು. ಅವನು ಊಟ ಮಾಡದೆ ಹೋದ. ಒಳಗೆ ಬಂದ ಇವರನ್ನು ಕಂಡು ನಾನು ಎಷ್ಟು ಅತ್ತೆನೆಂದರೆ, ಸತ್ತಿದ್ದರೂ ಅಷ್ಟು ಅಳುತ್ತಿರಲಿಲ್ಲವೇನೋ ಎಂದು ಸಬೋಹತ್ ಚಿಕ್ಕಮ್ಮ ಇಂದಿಗೂ ಆಡಿಕೊಳ್ಳುತ್ತಾರೆ. ಇವರು ಮಾತ್ರ ಹೊರಗಿನ ಜನವನ್ನೇ ನೋಡುತ್ತ “ಸತ್ರೆ ಇಷ್ಟು ಜನ ಬರ್ತಾರೆ. ಬದುಕಿದ್ರೆ ಒಬ್ಬ ಗಿರಾಕಿ ಬರಲ್ಲ, ನೋಡು” ಎಂದರು.

ಹೀಗೆ ತಮ್ಮ ದಯೆಯಿಂದ ತೋಟ ನೂರ್ಮತನ ಕೈಗೆ ಹೋಗುವುದು ತಪ್ಪಿತು. ಅದಕ್ಕೆ ಕೃತಜ್ಞಳು. ಆದರೆ ಉಳಿದ ತೋಟದಿಂದ ಸಸಿ ಮಾರಾಟವಾಗಬೇಕಲ್ಲ. ಮರುದಿನದಿಂದ ಫೋನು ಬಿಡುವಿಲ್ಲದೆ ಬಂತು, ಎಲ್ಲವೂ ಮುದುಕ ಮುದುಕಿಯರಿಗೆ ಜಾಗ ಕಾದಿರಿಸುವವರದೇ. ಒಬ್ಬರಂತೂ ಅರ್ಧ ಬೆಲೆಯದನ್ನು ಮೊದಲು ತೆಗೆದುಕೊಂಡು ಪೂರ್ತಿ ಬೆಲೆಯದನ್ನು ಆಮೇಲೆ ನೋಡಬಹುದೇ ಎಂದು ಚೌಕಾಸಿ ಮಾಡಿದರು. ಸಸಿ ಕೊಳ್ಳಬಹುದಾಗಿದ್ದ ಹೆಂಗಸರೋ, “ಸೊಸೆ ಬಸುರಿ ಕಣಮ್ಮ, ಗೋರಿ ತೋಟದ ಗಿಡ ಮನೆಗೆ ತರೋದು ಹೇಗೆ” ಎಂದು ಗೇಟಿನಿಂದಲೇ ತಿರುಗಿದರು. ಸರಿಪಡಿಸಿ ಎಂದು ತಮಗೆ ಬರೆದೆ. ತಾವು ನನ್ನನ್ನು ಅಭಿನಂದಿಸಿದಿರಿ. ಜಾಹೀರಾತು ಅದ್ಭುತವಾಗಿ ಓಡುತ್ತಿದೆ, ನಿಲ್ಲಿಸುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ, ಬೇಡಿಕೆಯಿಲ್ಲದ ‘ಅಂಜೂರ’ ವಿಭಾಗವನ್ನು ಕೈಬಿಟ್ಟು ಅಮೃತಶಿಲೆಯತ್ತ ಗಮನ ಹರಿಸಿ ಎಂದು ಸಲಹೆ ಕೊಟ್ಟಿರಿ. ನನ್ನ ಗಂಡ ಬದುಕಿದ್ದಾರೆ ಎಂದು ಒಂದು ಸಾಲು ಹಾಕಿ ಎಂದು ಬೇಡಿಕೊಂಡರೆ, ಅಂಥ ಸಾಲಿಗೆ ಜನ ಮನಸ್ಸು ಕೊಡುವುದಿಲ್ಲ ಎಂದಿರಿ.

ಅದಕ್ಕೇ ನಾನು ತಮ್ಮನ್ನು ಬಿಟ್ಟು ನನ್ನ ಕಾಲುಗಳನ್ನು ನಂಬಿದೆ. ಅವತ್ತು ಬೆಂಚಿನ ಮೇಲೆ ಕುಳಿತಿದ್ದ ಒಬ್ಬೊಬ್ಬರ ಮನೆಗೂ ಹೋಗಿ, “ಅವರಿಗಾಗಿ ಅತ್ತಿದ್ದೀರಲ್ಲ, ಈಗ ಸನಿಕೆ ಹಿಡ್ಕೊಂಡು ಬನ್ನಿ, ಏನು ಹೂತಿದೀವಿ ಅಂತ ನೀವೇ ಅಗೆದು ನೋಡಿ” ಎಂದು ಕರೆದೆ. ವಸಂತದ ನವ್‌ರೋಜ್ ಹಬ್ಬ ಮುಗಿದ ಭಾನುವಾರ, ಕಣಿವೆಯಲ್ಲಿ ಎಲ್ಲರೂ ಅಂಜೂರ ಎಬ್ಬಿಸುವ ಹೊತ್ತಿಗೆ, ಇಡೀ ಬೀದಿ ಬಂತು. ಬಸುರಿ ಸೊಸೆಯರ ಅತ್ತೆಯರೂ ಬಂದು ಮೊದಲು ದೂರದಲ್ಲೇ ನಿಂತರು. ನನ್ನ ಅತ್ತೆ ನೆಟ್ಟ ಮರದ ಮೇಲಿನ ಮಣ್ಣನ್ನು ನಮ್ಮ ಮನೆಯವರು ಕೈಯಿಂದಲೇ ಸರಿಸಿದರು. ಒದ್ದೆ ಹುಲ್ಲಿನಡಿಯಿಂದ ಕೊಂಬೆ ಮೆಲ್ಲಗೆ ಮೇಲೆದ್ದಿತು, ತುದಿಯಲ್ಲಿ ಹಸಿರು ಮೊಗ್ಗಿತ್ತು. ಸಬೋಹತ್ ಚಿಕ್ಕಮ್ಮ ಮುಟ್ಟಿ ನೋಡಿ, “ನಿನಗೋಸ್ಕರ ಅತ್ತ ಕಣ್ಣೀರೆಲ್ಲ ದಂಡ ಆಯ್ತಲ್ಲೋ ಹೋಶಿಮ್, ಆ ಲೆಕ್ಕದಲ್ಲಾದ್ರೂ ಒಂದು ಸಸಿ ಕಡಿಮೆಗೆ ಕೊಡು” ಎಂದರು. ಮೊದಲ ವ್ಯಾಪಾರ ಅದೇ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ಹಣವಿದ್ದವರು ಹಣಕ್ಕೆ, ಇಲ್ಲದವರು ಗೋಧಿಗೆ, ಸಂಜೆಯೊಳಗೆ ಕುಂಡಗಳ ಸಾಲು ಅರ್ಧ ಖಾಲಿಯಾಯಿತು. ಇನ್ನೊಂದು ವರ್ಷ ತೋಟ ನಮ್ಮದೇ.

ಕೊನೆಯದಾಗಿ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಬರುವ ಶರತ್ಕಾಲದಲ್ಲಿ ದಯಮಾಡಿ ಇಲ್ಲಿಗೆ ಬಂದು ಒಂದು ದಾಳಿಂಬೆಯನ್ನು ಸ್ವತಃ ಮಲಗಿಸಿ ಮಣ್ಣು ಹಾಕಿ ನೋಡಿ. ಸೊಂಟ ಎಂದರೇನೆಂದು ಆಗ ತಿಳಿಯುತ್ತದೆ. ಆ ಕಾಲುಚೀಲವಿಲ್ಲದ ಯುವಕರನ್ನೂ ಕರೆತನ್ನಿ, ಚಿಕ್ಕಮ್ಮ ಅವರಿಗೊಂದು ಜೊತೆ ಹೆಣೆದುಕೊಡುತ್ತಾರೆ. ಮತ್ತು ಸಾಧ್ಯವಾದರೆ ಆ ಅರ್ಧ ದಿನವನ್ನು ಹಿಂದಕ್ಕೆ ಪಡೆಯಿರಿ. ಅದರ ಬದಲಿಗೆ ನನಗೇನೂ ಬೇಡ.

ಇತಿ, ತಮ್ಮ ವಿಶ್ವಾಸಿ, ಮತ್ತು ತಮ್ಮ ಕೃಪೆಯಿಂದ ಅರ್ಧ ದಿನದ ವಿಧವೆ,
ಮುಅತ್ತರ್

ತಾ.ಕ.: ಚಂದಾ ನಿಲ್ಲಿಸಿ ಎಂದು ನಿನ್ನೆ ಕೋರಿದ್ದಕ್ಕೆ ತಮ್ಮ ಉತ್ತರ ಈಗಷ್ಟೇ ತಲುಪಿತು. ಸ್ಥಾಪಕರು ಜೀವಂತವಾಗಿದ್ದರೆ ವರ್ಷ ಮುಗಿಯುವವರೆಗೆ ಚಂದಾ ಕಡ್ಡಾಯ, ನಿಧನರಾಗಿದ್ದರೆ ಮಾತ್ರ ಇಂದೇ ರದ್ದು, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ ಎಂದಿದ್ದೀರಿ. ‘ನಿಧನ’ ಎಂಬಲ್ಲಿ ಹಾಕಿದ್ದೇನೆ. ಅವರನ್ನೇ ಕೇಳಿ ಹಾಕಿದ್ದು. ಸಸಿಯ ಬೇರಿಗೆ ಗೋಣಿ ಸುತ್ತುತ್ತಿದ್ದವರು ತಲೆಯೆತ್ತದೆ “ಹಾಕ್ಬಿಡು, ಇಲ್ಲಿ ಗಿರಾಕಿ ಕಾಯ್ತಿದಾರೆ” ಎಂದರು.